ಅಮೆರಿಕದ ಕಮ್ಯುನಿಟಿ ಕಾಲೇಜುಗಳ ನಿರಂತರ ಶಿಕ್ಷಣ ಕೋರ್ಸುಗಳ ಉತ್ತರದಾಯಿತ್ವವನ್ನು ಯಾವ ದತ್ತಾಂಶದಿಂದ ಅಳೆಯುತ್ತಾರೆ?

ಪದವಿಗೆ ಲೆಕ್ಕವಾಗುವ ಕ್ರೆಡಿಟ್ ಕೋರ್ಸುಗಳಿಗೆ ಇರುವಷ್ಟು ಲೆಕ್ಕಪತ್ರ, ಬಹುಪಾಲು ಕ್ರೆಡಿಟ್ ಇಲ್ಲದ ಈ ಕೋರ್ಸುಗಳಿಗೆ ಬಹುಕಾಲ ಇರಲಿಲ್ಲ. ಕಾಲೇಜುಗಳಿಂದ ಅಂಕಿಅಂಶ ಕಲೆಹಾಕುವ ಫೆಡರಲ್ ಸರ್ಕಾರದ ಐಪೆಡ್ಸ್ (IPEDS) ಸಮೀಕ್ಷೆಯು ಕ್ರೆಡಿಟ್ ರಹಿತ ದಾಖಲಾತಿಯ ಸಂಖ್ಯೆಯನ್ನು ಕೇಳತೊಡಗಿದ್ದೇ 2023-24ರಲ್ಲಿ. ವಿಯೋವಾ (WIOA) ಎಂಬ 2014ರ ಉದ್ಯೋಗ ತರಬೇತಿ ಕಾಯ್ದೆಯ ಅನುದಾನದಿಂದ ನಡೆಯುವ ತರಗತಿಗಳ ವಿಷಯ ಬೇರೆ: ಕಲಿತು ಹೊರಬಂದವರು ಆ ಬಳಿಕದ ಎರಡನೆಯ ಹಾಗೂ ನಾಲ್ಕನೆಯ ತ್ರೈಮಾಸಿಕಗಳಲ್ಲಿ ಉದ್ಯೋಗದಲ್ಲಿದ್ದಾರೆಯೇ, ಎರಡನೆಯದರಲ್ಲಿ ಅವರ ಮಧ್ಯಾಂಕ (ಮೀಡಿಯನ್) ಗಳಿಕೆ ಎಷ್ಟು ಎಂಬುದನ್ನು, ನಿರುದ್ಯೋಗ ವಿಮೆಗೆಂದು ಮಾಲೀಕರು ಸಲ್ಲಿಸುವ ವೇತನ ದಾಖಲೆಗಳೊಂದಿಗೆ ತಾಳೆ ನೋಡಿ ವರದಿ ಮಾಡಲಾಗುತ್ತದೆ. ತೊಡಕಿರುವುದೂ ಇಲ್ಲಿಯೇ. ವೆಲ್ಡಿಂಗ್ ಕಲಿತು ಸ್ವಂತ ಅಂಗಡಿ ತೆರೆದವನು ಆ ದಾಖಲೆಗಳಲ್ಲಿ ಕಾಣುವುದಿಲ್ಲ. ದಾಖಲೆ ತಾಳೆ ನೋಡಲು ಬಳಸುವ ಸಾಮಾಜಿಕ ಭದ್ರತಾ ಸಂಖ್ಯೆ ಕೊಡದವರನ್ನಂತೂ ಗುರುತಿಸುವುದೇ ಕಷ್ಟ. ಆದ್ದರಿಂದ ಈ ಅಂಕಿಗಳನ್ನಷ್ಟೇ ನೆಚ್ಚಿ ಕೋರ್ಸು ಮುಚ್ಚುವುದಕ್ಕಿಂತ, ಯಾರು ಯಾವ ವಾರದಲ್ಲಿ ತರಗತಿ ಬಿಡುತ್ತಿದ್ದಾರೆಂದು ತೋರಿಸುವ ಕಾಲೇಜಿನದೇ ಹಾಜರಿ ಪುಸ್ತಕವನ್ನೂ ಜೊತೆಗಿಟ್ಟು ನೋಡುವುದು ಮೇಲೆಂದು ನನಗನ್ನಿಸುತ್ತದೆ.