ಮಾಳಿಗೆ ಮೇಲಿನ ಮರದ ಡೆಕ್: ವಾರ್ನಿಷ್ ಬೇಡ, ಎಣ್ಣೆ ಕುಡಿಸಿ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಹೊಸ ಮನೆಗಳಲ್ಲಿ ಮಾಳಿಗೆ ಮೇಲೋ ತೋಟದಲ್ಲೋ ಮರದ ಹಲಗೆ ಹಾಸಿ ಡೆಕ್ ಮಾಡಿಸುವವರು ಇದ್ದಾರೆ. ಬಿಸಿಲು ಇಳಿದ ಮೇಲೆ ಕೂರಲು ಒಳ್ಳೆಯ ಜಾಗ. ಆದರೆ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅದರ ರೂಪ ಕೆಡುತ್ತದೆ, ಮನೆಯವರಿಗೆ ದಿಗಿಲಾಗುತ್ತದೆ. ಈ ಸಲದ ಪ್ರಶ್ನೆಗಳೆಲ್ಲ ಅದರ ಬಗ್ಗೆಯೇ.

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮ ಮಾಳಿಗೆ ಮೇಲೆ ಸಾಗವಾನಿ ಹಲಗೆಯ ಡೆಕ್ ಇದೆ. ಹೊಳಪು ಬರಲಿ ಅಂತ ಹೋದ ವರ್ಷ ವಾರ್ನಿಷ್ ಹೊಡೆಸಿದೆವು. ಈಗ ಅದು ಸಿಪ್ಪೆ ಸಿಪ್ಪೆಯಾಗಿ ಏಳುತ್ತಿದೆ. ಎದ್ದ ಕಡೆಯೆಲ್ಲ ಮರ ಬೂದು ಬಣ್ಣಕ್ಕೆ ತಿರುಗಿ ಸಣ್ಣ ಬಿರುಕು ಬಿಟ್ಟಿದೆ. ಇನ್ನೊಂದು ಕೋಟ್ ಹೊಡೆದರೆ ಸರಿಹೋಗುತ್ತದೆ ಅಂತ ಪೇಂಟರ್ ಹೇಳುತ್ತಾರೆ. ನಮ್ಮ ಯಜಮಾನರು ಕಿತ್ತು ಟೈಲ್ಸ್ ಹಾಕಿಸೋಣ ಅನ್ನುತ್ತಾರೆ. ಏನು ಮಾಡಲಿ ಸರ್?

ಉತ್ತರ: ಕೀಳಿಸಬೇಡಿ, ಇನ್ನೊಂದು ಕೋಟೂ ಹೊಡೆಸಬೇಡಿ. ನೀವು ಬರೆದದ್ದನ್ನು ನೋಡಿದರೆ ಕೆಟ್ಟಿರುವುದು ವಾರ್ನಿಷ್. ಮರ ಚೆನ್ನಾಗಿಯೇ ಇರಬೇಕು.

ಮೊದಲು ಬೂದು ಬಣ್ಣದ ವಿಷಯ. ಮರದ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವುದು ಲಿಗ್ನಿನ್ ಎಂಬ ಅಂಶ. ಬಿಸಿಲಿನ ಅತಿನೇರಳೆ ಕಿರಣ ಅದನ್ನು ಒಡೆಯುತ್ತದೆ, ಒಡೆದದ್ದನ್ನು ಮಳೆ ತೊಳೆದು ಒಯ್ಯುತ್ತದೆ. ಮೇಲೆ ಬಣ್ಣ ಕಳೆದುಕೊಂಡ ನಾರು ಉಳಿಯುತ್ತದೆ. ಇದೆಲ್ಲ ಒಂದು ಮಿಲಿಮೀಟರಿಗೂ ಕಡಿಮೆ ಆಳದಲ್ಲಿ ನಡೆಯುವ ಆಟ. ಮೆತ್ತನೆಯ ಪೈನ್ ಮರವೇ ಬಿಸಿಲು ಮಳೆಗೆ ನೂರು ವರ್ಷಕ್ಕೆ ಸವೆಯುವುದು ಸುಮಾರು 6 ಮಿಲಿಮೀಟರ್. ಸಾಗವಾನಿಗೆ ಹೆದರುವ ಕಾರಣವೇ ಇಲ್ಲ.

ಆದರೂ ಅನುಮಾನ ಇದ್ದರೆ ಒಂದು ಸ್ಕ್ರೂಡ್ರೈವರ್ ತಗೊಳ್ಳಿ. ಬೂದು ಆದ ಕಡೆ ತುದಿಯನ್ನು ಒತ್ತಿ, ಸ್ವಲ್ಪ ಮೀಟಿ ನೋಡಿ. ಗಟ್ಟಿ ಮರದಲ್ಲಿ ತುದಿ ಇಳಿಯುವುದೇ ಕಷ್ಟ. ಚೂರು ಎದ್ದರೂ ಉದ್ದನೆಯ ಸಿಬಿರಾಗಿ, ಚಟ್ ಅಂತ ಸದ್ದು ಮಾಡಿ ಏಳುತ್ತದೆ. ಕೊಳೆತಿದ್ದರೆ ತುದಿ ಸಲೀಸಾಗಿ ಒಳಗೆ ಹೋಗುತ್ತದೆ, ಚೂರು ಸದ್ದಿಲ್ಲದೆ ತುಂಡು ತುಂಡಾಗಿ ಬರುತ್ತದೆ. ಹಲಗೆಯ ತುದಿ, ಸ್ಕ್ರೂ ಸುತ್ತಮುತ್ತ, ಹೂಕುಂಡ ಇಟ್ಟ ಜಾಗ, ಈ ಮೂರನ್ನು ತಪ್ಪದೆ ನೋಡಿ.

ಇನ್ನು ವಾರ್ನಿಷ್. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಳಿಯೂ ಒಣ. ಮರ ಒಣಗಿ ಕುಗ್ಗುತ್ತದೆ. ಸೆಪ್ಟೆಂಬರ್ ಮಳೆಗೆ ಮತ್ತೆ ಉಬ್ಬುತ್ತದೆ. ವಾರ್ನಿಷ್, ಪಿಯು (ಪಾಲಿಯುರೆಥೇನ್) ಪಾಲಿಶ್, ಮೆಲಮೈನ್ ಪಾಲಿಶ್ ಎಲ್ಲವೂ ಮರದ ಮೇಲೆ ಒಂದು ಪದರವಾಗಿ ಕೂರುತ್ತವೆ. ಮರ ಆಡುವಷ್ಟು ಆ ಪದರ ಆಡುವುದಿಲ್ಲ, ಸೀಳುತ್ತದೆ. ಪಾರದರ್ಶಕ ಪದರದ ಮೂಲಕ ಬಿಸಿಲು ಒಳಗೆ ಹೋಗಿ ಅಡಿಯ ನಾರನ್ನು ಸಡಿಲ ಮಾಡುತ್ತದೆ. ಆಮೇಲೆ ಸೀಳಿನಲ್ಲಿ ಇಳಿದ ಮಳೆ ನೀರು ಮೇಲೆ ಬರಲು ದಾರಿ ಇಲ್ಲದೆ ಅಲ್ಲೇ ನಿಲ್ಲುತ್ತದೆ. ಮನೆಯೊಳಗಿನ ಬಾಗಿಲಿಗೆ ಮೆಲಮೈನ್ ಚೆಂದ. ಬಿಸಿಲಿಗೆ ಬಿದ್ದ ಡೆಕ್‌ಗೆ ಅದು ಸಲ್ಲದು. ಪೇಂಟರ್ ಹೇಳಿದಂತೆ ಇನ್ನೊಂದು ಕೋಟ್ ಹೊಡೆದರೆ ಆ ಹೊಸ ಕೋಟ್ ಹಿಡಿದುಕೊಳ್ಳುವುದು ಹಳೆಯ ಸಿಪ್ಪೆಯನ್ನು. ಸಿಪ್ಪೆ ಎದ್ದಾಗ ಎರಡೂ ಏಳುತ್ತವೆ.

ಕೆಲಸಕ್ಕೆ ಇಳಿಯುವ ಮುಂಚೆ ಒಂದು ಮಾತು. ನಿಮ್ಮ ಊರಿನ ಕೆಂಪು ಧೂಳು ಹಲಗೆಯ ಗೆರೆಯೊಳಗೆ ಕೂತಿರುತ್ತದೆ. ಅದರ ಮೇಲೆ ನೀರು ಸುರಿದರೆ ಕೆಸರಾಗಿ ಇನ್ನೂ ಆಳಕ್ಕೆ ಇಳಿಯುತ್ತದೆ. ಮೊದಲು ಒಣಗಿದ್ದಾಗಲೇ ಗುಡಿಸಿ. ಹಲಗೆಗಳ ನಡುವಿನ ಸಂದಿಯಲ್ಲಿ ಸಿಕ್ಕ ಬೇವಿನ ಎಲೆ, ಕಡ್ಡಿ ಎಲ್ಲ ತೆಗೆಯಿರಿ. ಆ ಸಂದಿ ಇರುವುದು ನೀರು ಇಳಿಯಲಿ, ಗಾಳಿ ಆಡಲಿ ಅಂತ.

ಆಮೇಲೆ ಎದ್ದು ನಿಂತ ಮೊಳೆ, ಸ್ಕ್ರೂಗಳನ್ನು ಒಳಗೆ ಇಳಿಸಿ. ಇಲ್ಲದಿದ್ದರೆ ಉಜ್ಜುವ ಮಿಷನ್ನಿನ ಹಾಳೆ ಹರಿಯುತ್ತದೆ. 60 ನಂಬರಿನ ಸ್ಯಾಂಡ್ ಪೇಪರ್‌ನಿಂದ ವಾರ್ನಿಷ್ ಪೂರ್ತಿ ತೆಗೆಯಿರಿ, ಮೇಲೆ 80 ಅಥವಾ 100 ನಂಬರಿನಲ್ಲಿ ಒಂದು ಕೈ ಸಾಕು. ಮರದ ಗೆರೆ ಹೋದ ದಿಕ್ಕಿಗೇ ಉಜ್ಜಿಸಿ. ಇನ್ನೂ ನುಣುಪು ಮಾಡಬೇಡಿ, ನುಣುಪಾದಷ್ಟೂ ಮರ ಎಣ್ಣೆ ಕುಡಿಯುವುದು ಕಡಿಮೆ. ಮೂಗಿಗೆ ಮಾಸ್ಕ್ ಇರಲಿ.

ಉಜ್ಜಿದ ಮೇಲೂ ಉಳಿದ ಬೂದು ಕಲೆಗೆ ಆಕ್ಸಾಲಿಕ್ ಆ್ಯಸಿಡ್ ಪುಡಿ ಒಳ್ಳೆಯದು. ಮೊಸಾಯಿಕ್ ನೆಲ ಪಾಲಿಶ್ ಮಾಡುವವರು ಬಳಸುವ ಪುಡಿ ಅದೇ, ಅವರನ್ನು ಕೇಳಿದರೆ ಸಿಗುವ ಅಂಗಡಿ ತೋರಿಸುತ್ತಾರೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ಲೀಟರ್ ಬಿಸಿನೀರಿಗೆ ಸುಮಾರು 50 ಗ್ರಾಂ ಕರಗಿಸಿ, ಬ್ರಷ್‌ನಿಂದ ಇಡೀ ಹಲಗೆಗೆ ಹಚ್ಚಿ. ಕಲೆ ಇದ್ದಲ್ಲಿ ಮಾತ್ರ ಹಚ್ಚಿದರೆ ಅಷ್ಟೇ ಜಾಗ ಬೆಳ್ಳಗಾಗಿ ಎದ್ದು ಕಾಣುತ್ತದೆ. 15–20 ನಿಮಿಷ ಬಿಟ್ಟು, ಒಣಗಲು ಬಿಡದೆ, ಬೇಕಾದಷ್ಟು ನೀರು ಹಾಕಿ ತೊಳೆಯಿರಿ. ಇದು ವಿಷ. ಕೈಗವಸು, ಕನ್ನಡಕ ಬೇಕೇ ಬೇಕು. ಮಕ್ಕಳು, ನಾಯಿ ಹತ್ತಿರ ಸುಳಿಯಬಾರದು. ತುಳಸಿ ಕುಂಡ ಇದ್ದರೆ ಮೊದಲೇ ಎತ್ತಿಡಿ. ನೆನಪಿರಲಿ, ಕಾಸ್ಟಿಕ್ ಸೋಡಾ, ಬ್ಲೀಚಿಂಗ್ ಪೌಡರ್ ಬೇಡ. ಅವು ನಾರನ್ನೇ ತಿನ್ನುತ್ತವೆ.

ಎರಡು ಮೂರು ದಿನ ಚೆನ್ನಾಗಿ ಒಣಗಲಿ. ಆಮೇಲೆ ಮರದೊಳಗೆ ಇಳಿಯುವ ಡೆಕ್ಕಿಂಗ್ ಆಯಿಲ್ ಹಚ್ಚಿ. ಬಣ್ಣವಿಲ್ಲದ ಎಣ್ಣೆ ಬೇಡ, ಸ್ವಲ್ಪ ಕಂದು ಬಣ್ಣ ಸೇರಿರುವುದನ್ನೇ ತಗೊಳ್ಳಿ. ಬಿಸಿಲನ್ನು ತಡೆಯುವುದು ಆ ಬಣ್ಣದ ಕಣಗಳೇ. ತೆಳುವಾಗಿ ಹಚ್ಚಿ, ಕಾಲು ಗಂಟೆ ಬಿಟ್ಟು, ಮರ ಕುಡಿಯದೆ ಉಳಿಸಿದ ಎಣ್ಣೆಯನ್ನು ಬಟ್ಟೆಯಿಂದ ಪೂರ್ತಿ ಒರೆಸಿ. ಒರೆಸದೆ ಬಿಟ್ಟರೆ ಜಿಗುಟಾಗಿ, ಊರಿನ ಧೂಳೆಲ್ಲ ಅಲ್ಲೇ ಅಂಟುತ್ತದೆ. ಹಲಗೆಯ ಕೊಯ್ದ ತುದಿಗಳಿಗೆ ಎರಡು ಮೂರು ಸಲ ಹೆಚ್ಚಾಗಿ ಕುಡಿಸಿ. ಮರ ಬೇಗ ಒಣಗುವುದೂ ಬೇಗ ನೆನೆಯುವುದೂ ತುದಿಯಿಂದಲೇ.

ಇದನ್ನೆಲ್ಲ ದೀಪಾವಳಿ ಕಳೆದ ಮೇಲೆ, ಸಂಕ್ರಾಂತಿಯೊಳಗೆ ಮಾಡಿಸಿ. ಮಳೆ ನಿಂತಿರುತ್ತದೆ, ಬಿಸಿಲು ಹದವಾಗಿರುತ್ತದೆ. ಬೇಸಿಗೆಯಲ್ಲಿ ಹಲಗೆ ಕಾದಿರುವಾಗ ಹಚ್ಚಿದರೆ ಎಣ್ಣೆ ಇಳಿಯುವ ಮೊದಲೇ ಮೇಲೆ ಬಿಗಿದುಕೊಳ್ಳುತ್ತದೆ. ಸಣ್ಣ ಬಿರುಕುಗಳನ್ನು ಹಾಗೇ ಬಿಡಿ. ಫೆವಿಕಾಲ್‌ಗೆ ಮರದ ಹೊಟ್ಟು ಕಲಸಿ ತುಂಬಿದರೆ ಮುಂದಿನ ಮಳೆಗೆ ಮರ ಉಬ್ಬಿ ಅದನ್ನು ಹೊರಗೆ ತಳ್ಳುತ್ತದೆ.

ಮತ್ತೆ ಯಾವಾಗ ಹಚ್ಚಬೇಕು? ಹಲಗೆ ಮೇಲೆ ನಾಲ್ಕು ಹನಿ ನೀರು ಹಾಕಿ. ಗುಂಡಗೆ ನಿಂತರೆ ಇನ್ನೂ ಎಣ್ಣೆ ಇದೆ. ನೋಡನೋಡುತ್ತಲೇ ಇಂಗಿ ಕಪ್ಪಾದರೆ ಹಚ್ಚುವ ಕಾಲ ಬಂತು. ನಿಮ್ಮ ಮಾಳಿಗೆಗೆ ವರ್ಷಕ್ಕೊಮ್ಮೆಯಂತೂ ಬೇಕು. ಆದರೆ ಪ್ರತಿ ವರ್ಷ ಉಜ್ಜಬೇಕಾಗಿಲ್ಲ. ಗುಡಿಸಿ, ತೊಳೆದು, ಒಣಗಿಸಿ, ಹಚ್ಚಿದರೆ ಆಯಿತು. ಎಣ್ಣೆಯ ದೊಡ್ಡ ಅನುಕೂಲ ಇದೇ.

ಪ್ರಶ್ನೆ: ಗಂಗಾವತಿ ಹತ್ತಿರ ಗದ್ದೆ ಪಕ್ಕ ನಮ್ಮ ತೋಟದ ಮನೆ ಇದೆ. ಮುಂದೆ ಮರದ ಡೆಕ್ ಕಟ್ಟಿಸಿದ್ದೇವೆ. ಕೆಲವು ಕಡೆ ಕಾಲಿಟ್ಟರೆ ಹಲಗೆ ಜಗ್ಗುತ್ತದೆ. ಒಂದು ಕಂಬದ ಮೇಲೆ ಗೆದ್ದಲಿನ ಮಣ್ಣಿನ ಗೆರೆ ಕಂಡಿತು. ಪಾಲಿಶ್ ಮಾಡಿಸುವಾಗಲೇ ಇದನ್ನೂ ಸರಿ ಮಾಡಿಸಬಹುದಾ?

ಉತ್ತರ: ಪಾಲಿಶ್ ಮಾತು ಸದ್ಯಕ್ಕೆ ಬಿಡಿ. ಅಡಿಗಡೆ ಸರಿಯಾಗುವ ತನಕ ಆ ಡೆಕ್ ಮೇಲೆ ಜನ ಸೇರುವುದೂ ಬೇಡ.

ನಿಮ್ಮದು ಬಳ್ಳಾರಿಯ ಮಾಳಿಗೆಯಂಥ ಕಷ್ಟವಲ್ಲ. ತುಂಗಭದ್ರಾ ಕಾಲುವೆಯ ನೀರು ನಿಲ್ಲುವ ಗದ್ದೆ ಪಕ್ಕದಲ್ಲಿದೆ, ನೆಲ ಸದಾ ಹಸಿ. ಮರದೊಳಗಿನ ನೀರಿನಂಶ ನೂರಕ್ಕೆ 20ಕ್ಕಿಂತ ಕಡಿಮೆ ಇದ್ದರೆ ಕೊಳೆಸುವ ಬೂಷ್ಟು ಬೆಳೆಯುವುದಿಲ್ಲ. ನಿಮ್ಮ ಡೆಕ್‌ನ ಮೇಲ್ಭಾಗ ಒಣಗಿಯೇ ಇರಬಹುದು. ಹಲಗೆ ಹೊತ್ತಿರುವ ಅಡಿಪಟ್ಟಿಗಳು ಒಣಗುತ್ತಿಲ್ಲ ಅನಿಸುತ್ತದೆ.

ಜಗ್ಗುವ ಕಡೆ ಎರಡು ಹಲಗೆ ಬಿಚ್ಚಿಸಿ, ಟಾರ್ಚ್ ಹಿಡಿದು ಕೆಳಗೆ ನೋಡಿ. ಹಲಗೆಯೂ ಪಟ್ಟಿಯೂ ಒಂದರ ಮೇಲೊಂದು ಕೂತ ಜಾಗದಲ್ಲಿ ನೀರು ಸಿಕ್ಕಿಕೊಂಡು ಕೊಳೆ ಶುರುವಾಗಿರುತ್ತದೆ. ಕೆಲವೊಮ್ಮೆ ಪಟ್ಟಿ ಗಟ್ಟಿಯಾಗೇ ಇರುತ್ತದೆ, ಪಟ್ಟಿಯಿಂದ ಪಟ್ಟಿಗೆ ದೂರ ಜಾಸ್ತಿ ಇಟ್ಟಿರುತ್ತಾರೆ. ಒಂದು ಇಂಚಿನ ಹಲಗೆಗೆ ಸುಮಾರು 40 ಸೆಂಟಿಮೀಟರಿಗೆ ಒಂದು ಪಟ್ಟಿ ಬೇಕು. ದೂರ ಇದ್ದರೆ ನಡುವೆ ಇನ್ನೊಂದು ಪಟ್ಟಿ ಕೊಡಿಸಿ. ಕೊಳೆತ ಪಟ್ಟಿಗೆ ತೇಪೆ ಹಾಕಬೇಡಿ, ಬದಲಾಯಿಸಿ. ಹೊಸ ಪಟ್ಟಿಯ ತಲೆ ಮೇಲೆ ಉದ್ದಕ್ಕೂ ಬಿಟುಮೆನ್ ಟೇಪ್ ಅಂಟಿಸಿ ಆಮೇಲೆ ಹಲಗೆ ಕೂರಿಸಿದರೆ ಸ್ಕ್ರೂ ತೂತಿನಿಂದ ನೀರು ಇಳಿಯುವುದು ನಿಲ್ಲುತ್ತದೆ. ಇದಕ್ಕೆ ಆಗುವ ಖರ್ಚು ಸ್ವಲ್ಪ, ಉಳಿಯುವ ಆಯಸ್ಸು ಬಹಳ.

ಗೆದ್ದಲಿಗೆ ಬರೀ ಮಣ್ಣಿನ ಗೆರೆ ಕೆರೆದು ಹಾಕಿದರೆ ಪ್ರಯೋಜನವಿಲ್ಲ. ಅದು ಬರುವುದು ನೆಲದಿಂದ. ಮಣ್ಣಿಗೆ ಔಷಧಿ ಕೊಡುವ ಕೆಲಸವನ್ನು ಕಲಿತವರಿಂದಲೇ ಮಾಡಿಸಿ. ಪಕ್ಕದಲ್ಲಿ ಗದ್ದೆಯ ನೀರು ಇದೆ ಅಂತ ಅವರಿಗೆ ಮೊದಲೇ ಹೇಳಿ. ಇದಕ್ಕಿಂತ ಮುಖ್ಯ, ಮರದ ಕಂಬ ಮಣ್ಣಿಗೆ ತಾಗಲೇಬಾರದು. ನಿಮ್ಮ ಜಿಲ್ಲೆಯಲ್ಲಿ ಕಲ್ಲಿಗೆ ಬರವಿಲ್ಲ. ಪ್ರತಿ ಕಂಬದಡಿ ಒಂದು ಗೇಣು ಎತ್ತರದ ಕಲ್ಲು ಕೂರಿಸಿ. ಗೆದ್ದಲು ಕಲ್ಲನ್ನೂ ಹತ್ತುತ್ತದೆ, ಆದರೆ ಹತ್ತುವಾಗ ಕಣ್ಣಿಗೆ ಬೀಳುತ್ತದೆ. ನಿಮ್ಮದು ಎರೆ ಮಣ್ಣಾಗಿದ್ದರೆ ಬುನಾದಿ ಸ್ವಲ್ಪ ಆಳಕ್ಕೇ ಹೋಗಲಿ. ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿ ಬಿಡುವ ಮಣ್ಣು ಅದು, ಮೇಲ್ಮೇಲೆ ಇಟ್ಟ ಕಲ್ಲನ್ನು ವಾಲಿಸುತ್ತದೆ. ಡೆಕ್ ಸುತ್ತ ಹಲಗೆ ಹೊಡೆದು ಅಡಿಗೆ ಗಾಳಿ ಆಡದಂತೆ ಮುಚ್ಚಿದ್ದರೆ ಅದನ್ನೂ ತೆಗೆಸಿ.

ಕಿತ್ತ ಮರ ಹಸಿರು ಛಾಯೆಯ ಪೈನ್ ಆಗಿದ್ದರೆ ಒಂದು ಎಚ್ಚರ. ಅದಕ್ಕೆ ತಾಮ್ರ, ಕೆಲವೊಮ್ಮೆ ಆರ್ಸೆನಿಕ್ ಸೇರಿದ ಮದ್ದು ಹಾಕಿರುತ್ತಾರೆ. ಆ ತುಂಡುಗಳನ್ನು ಸ್ನಾನದ ಹಂಡೆ ಒಲೆಗೆ ಖಂಡಿತ ಹಾಕಬೇಡಿ. ಅದರ ಹೊಗೆ, ಬೂದಿ ಎರಡೂ ಕೆಟ್ಟವು.

ಪ್ರಶ್ನೆ: ನಾನು ರಾಯಚೂರಿನವನು. ಡೆಕ್ಕಿಂಗ್ ಆಯಿಲ್ ಬಹಳ ದುಬಾರಿ. ನಮ್ಮ ಅಜ್ಜ ಬಂಡಿಗೆ, ಬಾಗಿಲಿಗೆ ಮನೆಯ ಎಣ್ಣೆಯನ್ನೇ ಹಚ್ಚುತ್ತಿದ್ದರು. ಶೇಂಗಾ ಎಣ್ಣೆ, ಹೊಂಗೆ ಎಣ್ಣೆ, ಗ್ಯಾರೇಜಿನ ಸುಟ್ಟ ಎಣ್ಣೆ, ಇವುಗಳಲ್ಲಿ ಯಾವುದು ಆಗಬಹುದು?

ಉತ್ತರ: ನೀವು ಹೇಳಿದ ಮೂರೂ ಬೇಡ. ನಮ್ಮ ಕಡೆಯದೇ ಇನ್ನೊಂದು ಎಣ್ಣೆ ಇದೆ, ಅಗಸೆ.

ಎಣ್ಣೆಯಲ್ಲಿ ಎರಡು ಜಾತಿ. ಕೆಲವು ಗಾಳಿ ತಾಗಿದಂತೆ ಗಟ್ಟಿಯಾಗಿ ಮರದೊಳಗೇ ಕೂರುತ್ತವೆ. ಕೆಲವು ಎಷ್ಟು ದಿನವಾದರೂ ಎಣ್ಣೆಯಾಗಿಯೇ ಇರುತ್ತವೆ. ಶೇಂಗಾ, ಹೊಂಗೆ, ಔಡಲ, ಬೇವು ಎರಡನೆಯ ಗುಂಪಿನವು. ಹಚ್ಚಿದ ದಿನ ಮರ ಮಿಂಚುತ್ತದೆ, ಆಮೇಲೆ ಧೂಳು ಹಿಡಿದು ಜಿಡ್ಡುಗಟ್ಟುತ್ತದೆ. ಶೇಂಗಾ ಎಣ್ಣೆ ಕಮಟು ವಾಸನೆಯನ್ನೂ ಬಿಡುತ್ತದೆ. ಸುಟ್ಟ ಎಣ್ಣೆಯಂತೂ ಮಕ್ಕಳು ಬರಿಗಾಲಲ್ಲಿ ಓಡಾಡುವ ಜಾಗಕ್ಕೆ ಸಲ್ಲದು. ಅದು ಚರ್ಮಕ್ಕೂ ಕೆಟ್ಟದ್ದು, ಮಳೆಗೆ ತೊಳೆದು ಮಣ್ಣಿಗೆ ಸೇರಿದರೆ ಮಣ್ಣಿಗೂ ಕೆಟ್ಟದ್ದು.

ಅಗಸೆ ಎಣ್ಣೆ ಗಟ್ಟಿಯಾಗುವ ಜಾತಿ. ಕುಸುಬೆಯೂ ಸ್ವಲ್ಪ ಮಟ್ಟಿಗೆ ಹಾಗೇ, ಆದರೆ ಬಹಳ ನಿಧಾನ. ಗಾಣದಿಂದ ತಂದ ಹಸಿ ಅಗಸೆ ಎಣ್ಣೆ ಆರಲು ದಿನಗಟ್ಟಲೆ ಬೇಕು. ಹಾಗಾಗಿ ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಲಿನ್ಸೀಡ್ ಆಯಿಲ್ ಕೇಳಿ. ಬೇಗ ಆರುವ ಮದ್ದು ಸೇರಿಸಿದ ಅಗಸೆ ಎಣ್ಣೆ ಅದು, ಅಡುಗೆಗೆ ಬಳಸುವಂತಿಲ್ಲ. ಮೊದಲ ಸಲಕ್ಕೆ ಅರ್ಧ ಎಣ್ಣೆ, ಅರ್ಧ ಟರ್ಪೆಂಟೈನ್ ಬೆರೆಸಿ ಹಚ್ಚಿ. ಎರಡನೆಯ ಸಲಕ್ಕೆ ಬರೀ ಎಣ್ಣೆ, ಪೂರ್ತಿ ಒರೆಸಬೇಕು. ಇದರಲ್ಲಿ ಬಣ್ಣ ಇಲ್ಲ, ಬಿಸಿಲು ತಡೆಯುವ ಶಕ್ತಿ ಕಡಿಮೆ. ವರ್ಷಕ್ಕೆ ಎರಡು ಮೂರು ಸಲ ಹಚ್ಚಬೇಕಾಗುತ್ತದೆ, ಮರ ಕ್ರಮೇಣ ಕಪ್ಪಾಗುತ್ತದೆ. ಹಸಿ ಜಾಗದಲ್ಲಿ ಬೂಷ್ಟು ಕೂಡ ಹಿಡಿಯುತ್ತದೆ, ಗಂಗಾವತಿಯವರಿಗೆ ನಾನು ಇದನ್ನು ಹೇಳುವುದಿಲ್ಲ. ರಾಯಚೂರಿನ ಒಣ ಹವೆಗೆ, ನೆರಳು ಬೀಳುವ ಡೆಕ್‌ಗೆ, ಇದು ಸಾಕು.

ಈಗ ಹೇಳುವುದನ್ನು ದಯವಿಟ್ಟು ಮರೆಯಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಎಣ್ಣೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗಿನ ಶಾಖ ಹೊರಗೆ ಹೋಗುವುದಿಲ್ಲ. ಬೆಂಕಿಕಡ್ಡಿಯೇ ಬೇಡ. ನಮ್ಮ ಸೆಕೆಯಲ್ಲಿ ಅಪಾಯ ಇನ್ನೂ ಜಾಸ್ತಿ. ಕೆಲಸ ಮುಗಿದ ಕೂಡಲೇ ಬಟ್ಟೆಗಳನ್ನು ಬಯಲಲ್ಲಿ ಒಂದೊಂದಾಗಿ ಬಿಡಿಸಿ ಹರಡಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ. ಕೆಲಸದವರು ಹೊರಡುವ ಮುಂಚೆ ನೀವೇ ನಿಂತು ನೋಡಿ.

ಅಜ್ಜನ ಬಂಡಿಯ ವಿಷಯಕ್ಕೆ ಬಂದರೆ, ಅಂಥ ಮರ ಉಳಿಯುವುದು ಎಣ್ಣೆಯೊಂದರಿಂದಲೇ ಅಲ್ಲ. ಜಾತ್ರೆ ಮುಗಿದ ಮೇಲೆ ತೇರನ್ನು ತೇರಿನ ಮನೆಗೆ ಸೇರಿಸುತ್ತಾರಲ್ವಾ, ಡೆಕ್‌ಗೂ ಹಾಗೇ ನೆರಳು ಬೇಕು. ಏಪ್ರಿಲ್, ಮೇ ಎರಡು ತಿಂಗಳು ಮೇಲೊಂದು ಹಸಿರು ನೆರಳು ಬಲೆ ಕಟ್ಟಿದರೂ ಎಣ್ಣೆ ಹಚ್ಚುವ ಖರ್ಚು ಇಳಿಯುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ಹಲಗೆ ಮೇಲೆ ನೇರವಾಗಿ ಹೊದಿಸಬೇಡಿ, ಅಡಿಗೆ ಬೆವರುತ್ತದೆ.

ಪ್ರಶ್ನೆ: ಡೆಕ್ ಹೊಸದು. ಪಕ್ಕದಲ್ಲಿ ಗ್ರಿಲ್ ಕೂರಿಸುವ ಕೆಲಸ ನಡೆಯಿತು. ಮೊದಲ ಮಳೆ ಬಿದ್ದ ಮರುದಿನ ಹಲಗೆ ತುಂಬ ಸಾಸಿವೆ ಗಾತ್ರದ ಕಪ್ಪು ಚುಕ್ಕೆ. ಬೂಷ್ಟಾ?

ಉತ್ತರ: ಬೂಷ್ಟಲ್ಲ, ಕಬ್ಬಿಣ. ಕಟ್ಟಿಂಗ್ ಮಿಷನ್ನಿನಿಂದ ಹಾರಿದ ಪುಡಿ ಹಲಗೆ ಮೇಲೆ ಬಿದ್ದಿದೆ. ಮರದಲ್ಲಿರುವ ಒಗರಿನ ಅಂಶಕ್ಕೆ ಕಬ್ಬಿಣವೂ ನೀರೂ ಸೇರಿದರೆ ಕಪ್ಪು ಮಸಿಯಾಗುತ್ತದೆ. ಮೊದಲು ಅಯಸ್ಕಾಂತವೊಂದನ್ನು ಬಟ್ಟೆಯಲ್ಲಿ ಸುತ್ತಿ ಹಲಗೆ ಮೇಲೆ ಆಡಿಸಿ, ಸಡಿಲ ಪುಡಿ ಅಂಟಿ ಬರುತ್ತದೆ. ಉಳಿದ ಕಲೆಗೆ ಮೇಲೆ ಹೇಳಿದ ಆಕ್ಸಾಲಿಕ್ ಆ್ಯಸಿಡ್. ಕಬ್ಬಿಣದ ಜುಂಗಿನಿಂದ ಉಜ್ಜಬೇಡಿ, ಅದರ ಚೂರು ಉಳಿದು ಹೊಸ ಚುಕ್ಕೆ ಹುಟ್ಟಿಸುತ್ತದೆ. ಡೆಕ್‌ಗೆ ಹಾಕಿದ ಸ್ಕ್ರೂ ಮಾಮೂಲಿ ಕಬ್ಬಿಣದ್ದಾಗಿದ್ದರೆ ಅವುಗಳ ಸುತ್ತಲೂ ಇದೇ ಕಲೆ ಬರುತ್ತದೆ. ಒಂದೊಂದಾಗಿ 304 ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗೆ ಬದಲಾಯಿಸಿ.

ಪ್ರಶ್ನೆ: ಬೋರ್‌ವೆಲ್ ನೀರಲ್ಲಿ ತೊಳೆದಾಗಲೆಲ್ಲ ಡೆಕ್ ಮೇಲೆ ಬಿಳಿ ಗೆರೆ ಉಳಿಯುತ್ತದೆ. ದಿನಾ ತೊಳೆಯುತ್ತೇವೆ.

ಉತ್ತರ: ದಿನಾ ತೊಳೆಯುವುದನ್ನು ನಿಲ್ಲಿಸಿ, ಗುಡಿಸಿದರೆ ಸಾಕು. ಬಿಳಿ ಗೆರೆ ಗಡಸು ನೀರಿನ ಸುಣ್ಣ. ಒಂದು ಪಾಲು ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ ಒರೆಸಿ, ಬಳಿಕ ಸಿಹಿನೀರಿನಿಂದ ಒರೆಸಿ. ಕಾರು ತೊಳೆಯುವ ಪ್ರೆಷರ್ ಪೈಪನ್ನು ಹತ್ತಿರ ಹಿಡಿದರೆ ಮೆತ್ತನೆಯ ನಾರು ಕಿತ್ತು ಹಲಗೆ ಒರಟಾಗುತ್ತದೆ. ಹೂಕುಂಡಗಳ ಅಡಿಗೆ ಬೆರಳು ತೂರುವಷ್ಟು ಎತ್ತರದ ಆಸರೆ ತುಂಡು ಇಡಿ, ತಿಂಗಳಿಗೊಮ್ಮೆ ಜಾಗ ಬದಲಿಸಿ.