ಅಡುಗೆಕೋಣೆ ಪ್ರಶ್ನೋತ್ತರ: ಅಡಿ ಹಿಡಿದ ಉರುಳಿಗೆ ಆಸಿಡ್ ಬೇಡ

ಪ್ರಶ್ನೆ: ಅತ್ತೆಯ ಕಾಲದ ದೊಡ್ಡ ಉರುಳಿಯಲ್ಲಿ ಹಲಸಿನ ಹಣ್ಣಿನ ಬೆರಟಿ ಕಾಸುತ್ತಿದ್ದೆವು. ಮಾತಿನ ನಡುವೆ ಮಗುಚುವುದು ತಪ್ಪಿ ಅಡಿ ಹಿಡಿಯಿತು. ಅಂಗೈಯಗಲ ಕರಟು ಗಟ್ಟಿಯಾಗಿ ಕೂತಿದೆ. ನಾದಿನಿ ಬಚ್ಚಲಿಗೆ ಹಾಕುವ ಆಸಿಡ್ ಸುರಿ ಅನ್ನುತ್ತಾಳೆ. ಪಕ್ಕದ ಮನೆಯವರು ಬರಿದೇ ಒಲೆಯ ಮೇಲಿಟ್ಟು ಸುಡಿ ಅನ್ನುತ್ತಾರೆ. ಯಾವುದು ಸರಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಎರಡೂ ಬೇಡ ಮಾರಾಯ್ರೆ! ಬೆರಟಿ ಕಾಸುವಾಗ ಒಮ್ಮೆಯೂ ಅಡಿ ಹಿಡಿಸದವರು ನಮ್ಮ ಪೆರ್ಲದ ಕಡೆ ಇರಲಿಕ್ಕಿಲ್ಲ. ಬೆಲ್ಲ ಬಿದ್ದ ಮೇಲೆ ಸಟ್ಟುಗ ಕೆಳಗಿಡುವ ಹಾಗೇ ಇಲ್ಲ, ಅಲ್ವಾ?

ಮೊದಲು ಉರುಳಿ ಯಾವುದರದ್ದು ಅಂತ ನೋಡಿ. ಒಬ್ಬರು ಕಿವಿ ಹಿಡಿದು ಎತ್ತಲಿ, ಇನ್ನೊಬ್ಬರು ಮರದ ಸಟ್ಟುಗದಿಂದ ಅಂಚಿಗೆ ಮೆಲ್ಲಗೆ ತಟ್ಟಲಿ. ನಾದ ತುಂಬ ಹೊತ್ತು ನಿಂತರೆ, ಬಣ್ಣವೂ ಹಳದಿಗಿಂತ ಕೆಂಪುಕಂದು ಕಡೆಗಿದ್ದರೆ ಹೆಚ್ಚಾಗಿ ಅದು ಕಂಚು. ಒಳಗೆ ಬೆಳ್ಳಗಿದ್ದರೆ ಕಲಾಯಿ, ಅಂದರೆ ತವರದ ಲೇಪ, ಹಾಕಿದ ಹಿತ್ತಾಳೆ ಇರಬೇಕು.

ಕಂಚು ಅಂದರೆ ತಾಮ್ರ ಮತ್ತು ತವರ. ಗಂಟೆ ಎರೆಯುವ ಕಂಚಿನಲ್ಲಿ ನೂರಕ್ಕೆ ಸುಮಾರು 22 ಪಾಲು ತವರ ಇರುತ್ತದೆ. ನೋಡಲು ದಪ್ಪ, ಭಾರ. ಆದರೆ ಪೆಟ್ಟಿಗೂ ತಟ್ಟನೆಯ ಬಿಸಿ-ತಂಪಿಗೂ ಬಿರುಕು ಬಿಡುವ ಜಾತಿ. ಬಿಟ್ಟ ಮೇಲೆ ಬೆಸುಗೆ ಸುಲಭಕ್ಕೆ ನಿಲ್ಲುವುದಿಲ್ಲ. ಹಾಗಾಗಿ ಬಿಸಿ ಉರುಳಿಗೆ ಬಾವಿಯ ತಣ್ಣೀರು ಸುರಿಯಬೇಡಿ. ತಾನಾಗಿ ಆರಲಿ.

ಆಮೇಲೆ ಕರಟು ಮುಳುಗುವಷ್ಟು ನೀರು ಹಾಕಿ, ಸಣ್ಣ ಉರಿಯಲ್ಲಿ ಕುದಿಸಿ ಇಳಿಸಿ, ರಾತ್ರಿಯಿಡೀ ಬಿಡಿ. ಮೇಲಿನ ಬೆಲ್ಲದ ಅಂಶ ನೀರಿಗೇ ಕರಗುತ್ತದೆ. ತಳದ ಕರಿ ಕರಗುವುದಿಲ್ಲ, ಮೆತ್ತಗಾಗುತ್ತದೆ, ಅಷ್ಟೇ. ಅದನ್ನು ಎಬ್ಬಿಸಲು ಒಡೆದ ಗೆರಟೆಯ (ತೆಂಗಿನ ಚಿಪ್ಪಿನ) ಚೂರು ಸಾಕು. ಗೆರಟೆಯ ಬಾಗು ಉರುಳಿಯ ತಳಕ್ಕೆ ಸರಿಯಾಗಿ ಕೂರುತ್ತದೆ, ಗೀರೂ ಬೀಳುವುದಿಲ್ಲ. ಕರಟಿನ ನಡುವಿಗೆ ಕೈ ಹಾಕಬೇಡಿ. ಅಂಚಿನಿಂದ ಒಳಗೆ ತಳ್ಳುತ್ತಾ ಬನ್ನಿ, ಹೆಕ್ಕಳೆಯಾಗಿ ಏಳುತ್ತದೆ. ಉಳಿದದ್ದಕ್ಕೆ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ಮತ್ತೊಮ್ಮೆ ಕುದಿಸಿ. ಎರಡು ದಿನ ಹಿಡಿದರೆ ಹಿಡಿಯಲಿ, ಮುಂದಿನ ಹಲಸಿನ ಕಾಲ ಬರುವಾಗ ಆದರೆ ಆಯಿತಲ್ಲ.

ಹೊಳಪಿಗೆ ಹುಣಸೆಹುಳಿಯೋ ಬಿಂಬುಳಿಯೋ ತಿಕ್ಕಿ, ಆದರೆ ಕೂಡಲೇ ತೊಳೆದು ಒರೆಸಿ. ಹುಳಿಯನ್ನು ರಾತ್ರಿಯಿಡೀ ಬಿಟ್ಟರೆ ಹಸಿರು ಕಿಲುಬು ಬರುತ್ತದೆ. ಕಿಲುಬು ಹೊಟ್ಟೆಗೆ ಹೋಗಬಾರದು.

ಕಲಾಯಿಯ ಪಾತ್ರೆಯಾದರೆ ಪಕ್ಕದ ಮನೆಯವರ ಉಪಾಯ ಇನ್ನೂ ಕಷ್ಟ. ತವರ ಕರಗುವುದು ಸುಮಾರು 232 ಡಿಗ್ರಿಗೆ. ಬರಿದೇ ಒಲೆಯ ಮೇಲಿಟ್ಟರೆ ಆ ಬಿಸಿ ಏರಲು ಹೊತ್ತು ಬೇಡ. ಉಕ್ಕಿನ ನಾರು, ಹೊಯ್ಗೆ ಕೂಡ ಅದಕ್ಕೆ ಆಗದು. ಒಳಗೆ ಹಳದಿ ಕಾಣಿಸುತ್ತಿದ್ದರೆ ಪುನಃ ಕಲಾಯಿ ಹಾಕಿಸುವವರೆಗೆ ಅದರಲ್ಲಿ ಸಾರು, ಮೇಲೋಗರ ಮಾಡಬೇಡಿ. ಕಲಾಯಿಯವರನ್ನು ಈಗ ನಾವೇ ಹುಡುಕಿಕೊಂಡು ಹೋಗಬೇಕು, ಅದೊಂದು ಬೇಜಾರು.

ಇನ್ನು ನಾದಿನಿಯ ಆಸಿಡ್. ಅದು ಲೋಹವನ್ನೇ ತಿನ್ನುತ್ತದೆ, ಹೊಗೆ ಎದೆಗೆ ಹೋಗುತ್ತದೆ. ನಮ್ಮಲ್ಲಿ ಮಳೆಗಾಲಕ್ಕೆ ಬಾವಿಗೆ ಹಾಕಿ ಉಳಿದ ಬ್ಲೀಚಿಂಗ್ ಪುಡಿ ಎಷ್ಟೋ ಮನೆಗಳಲ್ಲಿ ಇರುತ್ತದೆ. ಒಂದಕ್ಕೆ ಹೋಗದಿದ್ದರೆ ಇನ್ನೊಂದು ಅಂತ ಅದನ್ನೂ ಮೇಲೆ ಉದುರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ನಾದಿನಿಗೆ ಇಷ್ಟನ್ನು ಓದಿ ಹೇಳಿ.

ಪ್ರಶ್ನೆ: ಹಾಲು ಸೀದ ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಹಾಕಿ ಕುದಿಸಿದೆ. ಸೀದದ್ದು ಹೋಯಿತು, ಪಾತ್ರೆ ಕಪ್ಪಾಯಿತು!
– ಓದುಗರು, ಉಪ್ಪಳ

ಉತ್ತರ: ಅಲ್ಯೂಮಿನಿಯಂಗೆ ಕ್ಷಾರ ಆಗದು. ಅದಕ್ಕೆ ಬೇಕಾದದ್ದು ಹುಳಿ. ಹುಣಸೆಹುಳಿ ನೀರನ್ನು ಕಪ್ಪಿನ ಮಟ್ಟಕ್ಕೆ ತುಂಬಿ ಹತ್ತು ನಿಮಿಷ ಕುದಿಸಿ ತೊಳೆಯಿರಿ, ಬಹುಪಾಲು ಬಿಡುತ್ತದೆ. ಕಾಸ್ಟಿಕ್ ಸೋಡಾ ಮಾತ್ರ ಮುಟ್ಟಿಸಬೇಡಿ. ಅದು ಪಾತ್ರೆಯನ್ನೇ ಕರಗಿಸುತ್ತದೆ, ಹೊರಡುವ ಹೈಡ್ರೋಜನ್‌ಗೆ ಬೆಂಕಿ ತಾಗಿದರೆ ಹೊತ್ತಿಕೊಳ್ಳುತ್ತದೆ.

ಪ್ರಶ್ನೆ: ಕಬ್ಬಿಣದ ಕಾವಲಿಯಲ್ಲಿ ಸಿಹಿ ದೋಸೆ ಅಂಟಿ ಕರಿಯಾಗಿದೆ. ಹುಳಿಯಲ್ಲಿ ನೆನೆಹಾಕಲೇ?
– ಓದುಗರು, ಮುಳ್ಳೇರಿಯ

ಉತ್ತರ: ಬೇಡ, ಪಳಗಿದ ಎಣ್ಣೆಯ ಪದರವೂ ಹೋಗಿ ತುಕ್ಕು ಬರುತ್ತದೆ. ಬಿಸಿನೀರು ಹಾಕಿ ಮರದ ಸಟ್ಟುಗದಿಂದ ಕೆರೆಯಿರಿ, ತೆಂಗಿನ ನಾರಿನಲ್ಲಿ ಉಪ್ಪು ಹಾಕಿ ತಿಕ್ಕಿ. ತೊಳೆದು ಒಲೆಯ ಮೇಲೆ ಒಣಗಿಸಿ, ಬಿಸಿಯಿರುವಾಗಲೇ ಬಟ್ಟೆಯಲ್ಲಿ ತೆಳ್ಳಗೆ ಎಣ್ಣೆ ಸವರಿ. ಮೊದಲ ಎರಡು ದೋಸೆ ಅಂಟಿದರೆ ಕಾಗೆಗೆ ಹಾಕಿ.