ದಾವಣಗೆರೆ ಡಿ ಅಂಡ್ ಡಿ ಗುಂಪು: ಇಬ್ಬರು ಸರಿಯಾಗಿ ಬರದಿದ್ದರೆ

ದಾವಣಗೆರೆಯಲ್ಲಿ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಒಬ್ಬರು ಕತೆ ನಡೆಸಿ ಉಳಿದವರು ಒಂದೊಂದು ಪಾತ್ರವಾಗಿ ಆಡುವ ಆಟ) ನಡೆಸುವ ನೀವು, ಐವರಲ್ಲಿ ಇಬ್ಬರು ಆಗಾಗ ಕೈಕೊಡುತ್ತಾರೆ, ಕತೆ ಅಲ್ಲೇ ನಿಲ್ಲುತ್ತದೆ, ಏನು ಮಾಡಲಿ ಅಂತ ಕೇಳಿದಿರಿ. ಎಲ್ಲರೂ ಇದ್ದರೆ ಮಾತ್ರ ಸಾಗುವ ಕತೆ ಇಟ್ಟುಕೊಂಡಿರೋದೇ ಬಹುಶಃ ಕಾರಣ.

ಮೊದಲು, ಮೂವರು ಬಂದರೂ ಆಟ ನಡೆಯುತ್ತದೆ ಅಂತ ಹೇಳಿಬಿಡಿ. ದಿನ ಬದಲಿಸಬೇಡಿ. ಆಮೇಲೆ ಕತೆಯನ್ನು ಒಂದೊಂದು ಸಂಜೆಗೆ ಮುಗಿಯುವಂತೆ ತುಂಡು ಮಾಡಿ. ನಾನು ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನೇ ನಕ್ಷೆ ಮಾಡಿಕೊಂಡೆ, ವಾರಕ್ಕೊಂದು ಸುತ್ತು. ಬಾಗಿಲು ದಾಟಿದರೆ ಆ ದಿನದ ಆಟ ಮುಗಿಯಿತು. ಬಾರದವರ ಪಾತ್ರ ಹಿಂದಿನ ಬಾಗಿಲಲ್ಲಿ ಪಂಜು ಹಿಡಿದು ಕಾವಲು ನಿಲ್ಲುತ್ತದೆ, ಮುಂದಿನ ವಾರ ಬಂದು ಸೇರುತ್ತದೆ. ಲೆವೆಲ್ (ಪಾತ್ರದ ಶಕ್ತಿಯ ಹಂತ) ಮಾತ್ರ ಎಲ್ಲರಿಗೂ ಒಟ್ಟಿಗೇ ಏರಿಸಿ. ಹಿಂದೆ ಬಿದ್ದವರಿಗೆ ಮತ್ತೆ ಬರೋಕೆ ಮುಜುಗರ ಆಗುತ್ತೆ, ಅಲ್ವಾ?

ಆಗಲೂ ಬಾರದಿದ್ದರೆ ಒಬ್ಬೊಬ್ಬರನ್ನೇ ಬೆಣ್ಣೆ ದೋಸೆಗೆ ಕರೆದು ಕೇಳಿ: ಆಟ ಬೇಕಾ, ಸುಮ್ನೆ ಹರಟೆ ಸಾಕಾ? ನಮ್ಮಲ್ಲಿ ಒಬ್ಬರು ಮರಳಿದರು, ಇನ್ನೊಬ್ಬರು ಇಲ್ಲ.